ಇದಲ್ಲಮ್ಮ

ನಮ್ಮ ಮಡಕೆ ಸ್ಟುಡಿಯೋಗೆ ಬರುವ ಆ ಹಿರಿಯ ಗಿರಾಕಿಗೆ ನಾವಿಟ್ಟ ಹೆಸರು ಇದಲ್ಲಮ್ಮ. ಹೂಜಿಯೋ ಬಟ್ಟಲೋ, ಏನೇ ಕೊಟ್ಟರೂ ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು, ಬೆರಳಿನಿಂದ ಟಣ್ ಎಂದು ತಟ್ಟಿ, ಅದೇನೋ ಉತ್ತರ ಕೊಡುತ್ತದೆಂಬಂತೆ ಕಿವಿಗೊಟ್ಟು, "ತುಂಬಾ ಚೆನ್ನಾಗಿದೆ ಕಣಮ್ಮ, ಆದ್ರೆ ಇದಲ್ಲ" ಎಂದು ಇದ್ದ ಜಾಗದಲ್ಲೇ ಇಟ್ಟುಬಿಡುತ್ತಾರೆ. ಬೇರೆ ಯಾರಾದರೂ ಒಂದೇ ಕೈಯಲ್ಲಿ ಎತ್ತಿದರೋ ಮುಗಿಯಿತು, "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!" ಎಂದು ಗುರುತುಪರಿಚಯ ಇಲ್ಲದವರನ್ನೂ ಗದರುತ್ತಾರೆ. ತೀರಾ ನುಣುಪಾದದ್ದನ್ನು ಕಂಡರೆ "ಇದಕ್ಕೆ ಹೆತ್ತವರೇ ಇಲ್ವಾ?" ಎಂದು ಮೂಗು ಮುರಿಯುತ್ತಾರೆ. ಹಿಡಿಕೆ ಕೂಡಿಸಿದ ಕಡೆ, ಮಣ್ಣು ಹಸಿಯಿದ್ದಾಗ ಮಾಡಿದವರು ಹೆಬ್ಬೆರಳು ಒತ್ತಿದ ಗುಳಿ ಕಂಡರೆ ಮಾತ್ರ ಮುಖ ಅರಳುತ್ತದೆ. ಅದರಲ್ಲಿ ತಮ್ಮ ಹೆಬ್ಬೆರಳಿಟ್ಟು ಕಣ್ಣು ಮುಚ್ಚುತ್ತಾರೆ, ಆಮೇಲೆ ಮತ್ತದೇ "ಇದಲ್ಲ". ಹಾಗಾದರೆ ಯಾವುದು ಬೇಕು ನಿಮಗೆ ಎಂದು ಒಮ್ಮೆ ರೇಗಿಯೇಬಿಟ್ಟೆ. "ನಮ್ಮಮ್ಮ ಊರಿಗೆಲ್ಲಾ ಮಡಕೆ ಮಾಡಿಕೊಟ್ಲು, ನಮ್ಮನೇಲಿ ಒಂದೂ ಉಳೀಲಿಲ್ಲ" ಎಂದರು, ಗುಳಿಯಿಂದ ಬೆರಳು ತೆಗೆಯದೆ. "ನಾನು ಚಿಕ್ಕವಳಿದ್ದಾಗ ಅವಳು ಒತ್ತಿದ ಗುಳೀಲಿ ಬೆರಳಿಟ್ರೆ ಸುತ್ತಾ ಇನ್ನೂ ಜಾಗ ಇರ್ತಿತ್ತು. ಈಗ ಯಾವುದರಲ್ಲಿಟ್ರೂ ಬಿಗಿಯಾಗಿ ಕೂತ್ಬಿಡುತ್ತೆ ಕಣಮ್ಮ."