ಕಸುವು ತೆಗೆದ ನೀರು

ಶಹಾಪುರದಲ್ಲಿ ಹತ್ತನೆಯ ತರಗತಿ ಮುಗಿಸಿ, ಕೆಂಭಾವಿ ಹತ್ತಿರದ ಒಂದು ಹಳ್ಳಿಗೆ ನಾನು ಸೊಸೆಯಾಗಿ ಹೋದ ವರ್ಷವೇ ಆ ಊರಿನ ಹೊಲಗಳಿಗೆ ನಾರಾಯಣಪುರ ಅಣೆಕಟ್ಟಿನ ಕಾಲುವೆ ನೀರು ಬಂತು. ನಮ್ಮತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಮಾತು ಬಿರುಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ಅಂಗಳಕ್ಕೆ ಬಂದರೆ ಮಾವನವರೂ ತುಸು ಸರಿದು ನಿಲ್ಲುತ್ತಿದ್ದರು. ನನಗಂತೂ ಅವರನ್ನು ಕಂಡರೆ ಭಯ.

ಒಂದು ಸಂತೆಯ ದಿನ ಅವರು ಕೆಂಭಾವಿಯಿಂದ ಕಾಯಿಪಲ್ಯದ ಜೊತೆಗೆ ಒಂದು ಸುದ್ದಿಯನ್ನೂ ಹೊತ್ತು ತಂದರು.

"ನಾರಾಯಣಪುರದಾಗ ನೀರಾಗಿನ ಕರೆಂಟ್ ತಗದು ಆಮ್ಯಾಲ ಕಾಲುವಿಗಿ ಬಿಡ್ತಾರಂತ. ಬೆಣ್ಣಿ ತಗದ ಮಜ್ಜಿಗಿ ಇದ್ದಂಗ. ಅದರಾಗ ಕಸುವು ಎಲ್ಲಿಂದ ಬರಬೇಕು?"

ಸಂಜೆಯೊಳಗೆ ಓಣಿಗೆಲ್ಲ ಈ ಮಾತು ಮುಟ್ಟಿತು. ಅಲ್ಲಿ ನಿಜವಾಗಿ ಕರೆಂಟ್ ತೆಗೆಯುತ್ತಾರೋ ಇಲ್ಲವೋ, ತೆಗೆದರೆ ನೀರಿಗೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ತಗ್ಗಿನ ಹೊಲಕ್ಕೆ ಈ ಸಲ ನೀರು ಬಿಡುವುದು ಬೇಡ ಎಂದು ಮಾವನವರು ಅಂದುಬಿಟ್ಟರು.

ರೊಟ್ಟಿ ಬಡಿಯುತ್ತಿದ್ದ ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. "ಅತ್ತಿ, ಎರಡು ಗಡಿಗ್ಯಾಗ ಹೆಸರುಕಾಳು ಹಾಕಿ ನೋಡೋಣೇನ್ರಿ? ಒಂದಕ್ಕ ಬಾವಿ ನೀರು, ಒಂದಕ್ಕ ಕಾಲುವಿ ನೀರು" ಎಂದೆ.

ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ನನ್ನನ್ನೇ ನೋಡಿ, "ನೀರು ನೀ ಹಾಕಬ್ಯಾಡ. ನಿನ್ನ ಮಾತು ಗೆಲ್ಲಲಿ ಅಂತ ಒಂದಕ್ಕ ಜಾಸ್ತಿ ಹಾಕ್ತಿ. ನಾನೇ ಹಾಕ್ತೀನಿ" ಅಂದರು. ಒಂದು ಗಳಿಗೆ ಬಿಟ್ಟು ತಾವೇ ನಕ್ಕರು. "ನಾ ಹಾಕಿದ್ರ ನಾನೂ ಹಂಗೇ ಮಾಡ್ತೀನಿ. ಯಾವ ನೀರು ಯಾವ ಕೊಡದಾಗ ಅದ ಅಂತ ನನಗ ಹೇಳಲೇ ಬ್ಯಾಡ್ರಿ."

ಹಾಗಾಗಿ ಪಕ್ಕದ ಮನೆಯ ಅಕ್ಕ ದಿನಾ ಬೆಳಿಗ್ಗೆ ಎರಡು ಕೊಡ ತುಂಬಿ ಬದಿ ಬದಲಿಸದೆ ಎಡಕ್ಕೊಂದು ಬಲಕ್ಕೊಂದು ಇಟ್ಟು ಹೋಗುವುದು, ಅತ್ತೆ ಆಯಾ ಬದಿಯ ಗಡಿಗೆಗೆ ಒಂದೊಂದು ಚರಿಗೆ ನೀರು ಹಾಕುವುದು ಎಂದಾಯಿತು. ಎರಡಕ್ಕೂ ಒಂದೇ ತಿಪ್ಪೆಯ ಗೊಬ್ಬರ, ಒಂದೇ ಹೊಲದ ಮಣ್ಣು, ಒಂದೇ ಬಿಸಿಲು. "ಎರಡೂ ಒಂದೇ ನಮೂನಿ ಬೆಳದ್ರ ನಂದು ಸುಳ್ಳು ಅಂತ ನಾನೇ ಹೇಳ್ತೀನಿ" ಎಂದು ಅತ್ತೆ ಮೊದಲೇ ಎಲ್ಲರೆದುರು ಅಂದಿದ್ದರು.

ಸಸಿಗಳು ಗೇಣುದ್ದ ಆದವು. ಓಣಿಯವರು ಬಂದು ಬಗ್ಗಿ ನೋಡಿದರು. ಯಾವುದು ಯಾವ ನೀರಿನದೆಂದು ಒಬ್ಬರಿಗೂ ಹೇಳಲಾಗಲಿಲ್ಲ. ಅತ್ತೆ ಎರಡೂ ಕಡೆಯಿಂದ ಒಂದೊಂದು ಎಲೆ ಕಿತ್ತು ಮೂಸಿ ನೋಡಿದರು, ಬಾಯಿಗೂ ಹಾಕಿಕೊಂಡರು. ಆಮೇಲೆ ತಲೆಯ ಮೇಲೆ ಸೆರಗು ಹೊದ್ದು ಹಿಟ್ಟಿನ ಗಿರಣಿಗೆ ಹೊರಟರು. ನಾನು ಜೋಳದ ಬುಟ್ಟಿ ಹೊತ್ತು ಹಿಂದೆ ಹೋದೆ. ಅಲ್ಲಿ ಸರದಿಗೆ ಕೂತ ಹೆಂಗಸರ ಮುಂದೆ ನಿಂತು ಅವರು ಅಂದದ್ದು ಇಷ್ಟೇ: "ನೀರಿಗಿ ಕಸುವಿಲ್ಲ ಅಂತ ಸಂತ್ಯಾಗ ಕೇಳಿದ್ದು ನಿಮಗ ಹೇಳಿದ್ದೆ. ಅದು ಸುಳ್ಳದ. ಬಂದು ನೋಡ್ರಿ."

ಹಿರಿಯರೊಬ್ಬರು ತಮ್ಮ ಮಾತು ತಪ್ಪೆಂದು ತಾವೇ ನಡೆದು ಹೋಗಿ ಹೇಳಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಯಾರೂ ನಗಲಿಲ್ಲ. ಅವರ ಬಗ್ಗೆ ನನಗಿದ್ದ ಭಯ ಆ ದಿನ ಹೋಯಿತು. ಮಾವನವರೂ ತಗ್ಗಿನ ಹೊಲಕ್ಕೆ ನೀರು ಬಿಟ್ಟರು.

ವರ್ಷಗಳ ಮೇಲೆ ಎಲ್ಲರೂ ಭತ್ತಕ್ಕೆ ಬಿದ್ದು, ಹೊಲದಲ್ಲಿ ನೀರು ನಿಂತೂ ನಿಂತೂ ನಮ್ಮ ತಗ್ಗಿನ ಹೊಲ ಸವಳಾಯಿತು. ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಎದ್ದಿತು. "ನೋಡು, ಅವತ್ತು ನೀ ಹೇಳಿದ್ದೇ ಖರೇ ಆತಲ್ಲ" ಎಂದು ಮಾವನವರು ಅಂದರು. ಅತ್ತೆ ಒಪ್ಪಲಿಲ್ಲ. "ನಾ ಹೇಳಿದ್ದು ಬ್ಯಾರೆ, ಇದು ಬ್ಯಾರೆ. ನೀರು ಹೆಚ್ಚಾದ್ರ ಏನಾಗ್ತದ ಅಂತ ಆವಾಗ ನಾವು ನೋಡಿದ್ದಿಲ್ಲ." ತಮ್ಮನ್ನು ಗೆಲ್ಲಿಸುವ ಸುಳ್ಳೂ ಅವರಿಗೆ ಬೇಡವಾಗಿತ್ತು.

ನನ್ನನ್ನು ಅಂಗನವಾಡಿ ಕೆಲಸಕ್ಕೆ ಹಟ ಹಿಡಿದು ಕಳಿಸಿದವರೂ ಅವರೇ. ಆಗ ತಾಯಂದಿರು ಮಕ್ಕಳನ್ನು ಕಂಕುಳಲ್ಲಿ ಹೊತ್ತು ಬಂದು ಕೇಳುತ್ತಿದ್ದರು: "ಸೂಜಿ ಹಾಕಿದ್ರ ಜ್ವರ ಯಾಕ ಬರ್ತಾವ ಅಕ್ಕಾರ?" ಗೊತ್ತಿದ್ದಷ್ಟು ಹೇಳುತ್ತಿದ್ದೆ, ಗೊತ್ತಿಲ್ಲದ್ದನ್ನು ನರ್ಸಮ್ಮನನ್ನು ಕೇಳಿ ಬಂದು ಹೇಳುತ್ತಿದ್ದೆ. ಕೆಲಸದ ಕಡೆಯ ವರ್ಷಗಳಲ್ಲಿ ಹೆಚ್ಚು ಓದಿದ ತಂದೆ ತಾಯಂದಿರು ಬಂದರು. ಅವರು ಕೇಳುತ್ತಿರಲಿಲ್ಲ, ಮೊಬೈಲ್ ತೋರಿಸಿ ನನಗೇ ಹೇಳುತ್ತಿದ್ದರು. ಗೊತ್ತಿಲ್ಲ ಅನ್ನುವ ಮಾತು ಕಿವಿಗೆ ಬೀಳುವುದೇ ಅಪರೂಪವಾಯಿತು. ಶಾಲೆಗಳು ಹೆಚ್ಚಿದವು, ವಿಜ್ಞಾನ ಓದಿ ಪಾಸಾದವರೂ ಹೆಚ್ಚಿದರು. ಕೇಳಿದ್ದನ್ನು ಒಮ್ಮೆ ತಿರುವಿ ನೋಡುವ ರೂಢಿ ಮಾತ್ರ ಎಲ್ಲೋ ಸೋರಿಹೋಯಿತು.

ನಾನು ನಿವೃತ್ತಳಾಗಿ ಯಾದಗಿರಿಗೆ ಬಂದ ಮೇಲೆ, ಕೇಳಿದ್ದನ್ನು ಹಾಗೇ ನಂಬುವ ಈ ಚಾಳಿ ನಮ್ಮ ಮನೆಯೊಳಗೇ ಬಂತು. ನನ್ನ ಅಣ್ಣನ ಮಗಳ ಗಂಡ ಡಿಗ್ರಿ ಓದಿದವನು, ಒಳ್ಳೆಯ ಹುಡುಗ. ಯಾವುದೋ ವಿಡಿಯೋ ನೋಡಿ, ಕೂಸಿಗೆ ಲಸಿಕೆ ಹಾಕಿಸುವುದಿಲ್ಲ ಎಂದು ಕೂತ. ಅಣ್ಣನ ಮಗಳು ನನಗೆ ಫೋನ್ ಮಾಡಿ ಅತ್ತಳು.

ಹೋದೆ. ಬೈಯಬೇಕೆಂದೇ ಹೋಗಿದ್ದೆ. ಚಹಾ ಕುಡಿಯುವಾಗ ನಮ್ಮತ್ತೆಯ ನೆನಪಾಗಿ ಬೈಗುಳ ನುಂಗಿಕೊಂಡೆ. ಅವರು ತೀರಿಕೊಂಡು ಬಹಳ ವರ್ಷವಾಗಿತ್ತು.

"ಅಳಿಯಾರ, ಒಂದು ಮಾತು ಹೇಳ್ರಿ. ಏನು ಕಂಡ್ರ ನಿಮ್ಮ ಮನಸ್ಸು ಬದಲಾಗ್ತದ?"

ಅವನು ಕಪ್ಪು ಕೆಳಗಿಟ್ಟ. "ಹಂಗ ವಿಚಾರ ಮಾಡಿದ್ದಿಲ್ರಿ ಅತ್ತಿ" ಅಂದ.

"ಹಂಗಾದ್ರ ಗುರುವಾರ ಲಸಿಕಿ ಹಾಕ್ತಾರ, ಆಸ್ಪತ್ರಿಗಿ ಬರ್ರಿ. ಹಾಕಿಸೋದು ಬಿಡೋದು ಆಮ್ಯಾಲ. ನಿಮ್ಮ ಮನಸ್ನ್ಯಾಗ ಏನೇನದ, ಎಲ್ಲಾ ಕೇಳ್ರಿ."

ಬಂದ. ನರ್ಸಮ್ಮನನ್ನು ಎಷ್ಟು ಕೇಳಿದನೆಂದರೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ಆ ಹುಡುಗಿ ಸಿಟ್ಟಾಗದೆ, ಶೀಶೆ ತೋರಿಸಿ, ಯಾವ ರೋಗಕ್ಕೆ ಯಾವುದು, ಜ್ವರ ಯಾಕೆ ಬರುತ್ತದೆ ಎಂದು ತಾಳ್ಮೆಯಿಂದ ಹೇಳಿದಳು. ಕೊನೆಗೆ ಕೂಸನ್ನು ತೊಡೆಯ ಮೇಲೆ ಹಿಡಿದು ಕೂತವನು ಅವನೇ. ಸಂಜೆ ಕೂಸಿಗೆ ಮೈ ಬಿಸಿಯಾಯಿತು, ಮರುದಿನ ಇಳಿಯಿತು.

ಅವನು ಪೂರ್ತಿ ಬದಲಾದ ಎಂದು ನಾನು ಹೇಳುವುದಿಲ್ಲ. ಮನೆಮಂದಿಯ ವಾಟ್ಸಾಪ್ ಗುಂಪಿಗೆ ಏನೇನೋ ಕಳಿಸುತ್ತಲೇ ಇರುತ್ತಾನೆ. ಆದರೆ ಮೊನ್ನೆ, ಯಾವುದೋ ಬೇರು ಕುದಿಸಿ ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎಂಬ ವಿಡಿಯೋ ಬಂದಾಗ ಅದನ್ನು ಗುಂಪಿಗೆ ಹಾಕದೆ ನನಗೊಬ್ಬಳಿಗೇ ಕಳಿಸಿದ್ದ. ಕೆಳಗೆ ಬರೆದಿದ್ದ: "ಇದು ಖರೇ ಏನ್ರಿ ಅತ್ತಿ?"

"ನನಗೂ ಗೊತ್ತಿಲ್ರಿ. ಕೇಳಿ ಹೇಳ್ತೀನಿ" ಎಂದು ಬರೆದು, ಕನ್ನಡಕ ಹಾಕಿಕೊಂಡು ಪರಿಚಯದ ಡಾಕ್ಟರಮ್ಮನ ನಂಬರು ಹುಡುಕಲು ಕೂತೆ.