ಹಿನಕಲ್ಲಿನಲ್ಲಿ ಹರಿದ ನದಿ

ಉತ್ತರಪತ್ರಿಕೆ ತಿದ್ದುವವರಿಗೆ ಮಾತ್ರ ಗೊತ್ತಿರುವ ಒಂದು ನದಿಯಿದೆ. ಅದು ಯಾವ ಭೂಪಟದಲ್ಲೂ ಇಲ್ಲ, ಯಾವ ಪುರಾಣವೂ ಅದರ ಉಗಮವನ್ನು ಹೇಳಿಲ್ಲ. ಆದರೂ ಪರೀಕ್ಷೆಯ ಕಾಲ ಬಂತೆಂದರೆ ಅದು ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಊಟದ ಮೇಜಿನ ಮೇಲೆ ದಡ ಮೀರಿ ಹರಿಯುತ್ತದೆ. ‘ಮೈ ವಿಲೇಜ್’ ಎಂಬ ಪ್ರಬಂಧದ ಎರಡನೆಯ ವಾಕ್ಯದಲ್ಲಿ ಅದರ ವಾಸ. ‘ಎ ಬ್ಯೂಟಿಫುಲ್ ರಿವರ್ ಫ್ಲೋಸ್ ನಿಯರ್ ಮೈ ವಿಲೇಜ್’ ಎಂದು ಗೈಡು ಬರೆದ ಪುಣ್ಯಾತ್ಮರು ಯಾವ ಶುಭಮುಹೂರ್ತದಲ್ಲಿ ಬರೆದರೋ ಏನೋ, ಅಂದಿನಿಂದ ನಮ್ಮ ಸೀಮೆಯಲ್ಲಿ ನದಿಯಿಲ್ಲದ ಊರೇ ಇಲ್ಲವಾಯಿತು.

ನಾನು ಇಂಗ್ಲಿಷ್ ಕಲಿಸುವ ಶಾಲೆ ಇರುವುದು ಹಿನಕಲ್ಲಿನಲ್ಲಿ. ಅಲ್ಲಿ ಕೆರೆಯುಂಟು, ಹೊಸ ಬಡಾವಣೆಗಳುಂಟು, ಹೂಟಗಳ್ಳಿಯ ಕಾರ್ಖಾನೆಗಳಿಗೆ ಶಿಫ್ಟಿಗೆ ಓಡುವ ಜನರುಂಟು. ನದಿ ಮಾತ್ರ ಇಲ್ಲ. ಹಾಗಿದ್ದೂ ನಾನು ತೊಂಬತ್ತರ ದಶಕವಿಡೀ ಆ ನದಿಗೆ ಧಾರಾಳವಾಗಿ ಅಂಕ ಕೊಟ್ಟುಕೊಂಡೇ ಬಂದೆ. ಇದು ನಮ್ಮ ವಂಶದ ಗುಣವಿರಬೇಕು. ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ತಾತ ಇಂಗ್ಲಿಷಿನಲ್ಲಿ ಬಿನ್ನವತ್ತಳೆಗಳನ್ನು ಎಂಥ ಗಂಭೀರ ಶೈಲಿಯಲ್ಲಿ ಬರೆಯುತ್ತಿದ್ದರೆಂದರೆ, ಅವುಗಳಲ್ಲಿ ಕೇಳಿದ್ದೇನೆಂದು ಓದಿದವರಿಗಾಗಲಿ ಬರೆದವರಿಗಾಗಲಿ ತಿಳಿಯುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಇಂಗ್ಲಿಷ್ ಎಂದರೆ ಮಡಿಬಟ್ಟೆ. ಸಂದರ್ಭಕ್ಕೆ ಉಟ್ಟು, ಕೆಲಸ ಮುಗಿದೊಡನೆ ಗಳುವಿನ ಮೇಲೆ ಹಾಕುವಂಥದ್ದು. ಆ ಪದ್ಧತಿಯನ್ನೇ ನಾನು ಮಕ್ಕಳಿಗೂ ದಾಟಿಸುತ್ತಿದ್ದೆ.

ಹೊಸ ಶತಮಾನ ಹುಟ್ಟಿ ಎರಡು ಮೂರು ವರ್ಷವಾಗಿತ್ತು. ನನ್ನನ್ನು ಒಂದು ತರಬೇತಿಗೆ ಕಳಿಸಿದರು. ಮಕ್ಕಳು ಪಾಠ ಒಪ್ಪಿಸುವುದಲ್ಲ, ಏನಾದರೊಂದು ನಿಜವಾದ ಕೆಲಸ ಮಾಡುತ್ತ ಭಾಷೆ ಕಲಿಯಬೇಕು, ಅದಕ್ಕೆ ಪ್ರಾಜೆಕ್ಟ್ ಎನ್ನುತ್ತಾರೆ ಎಂದು ಅಲ್ಲಿ ತಿಳಿಯಿತು. ಅಲ್ಲಿಯವರೆಗೆ ಪ್ರಾಜೆಕ್ಟ್ ಎಂದರೆ ಅಪ್ಪಂದಿರು ರಾತ್ರಿ ಕೂತು ಥರ್ಮಕೋಲಿನಲ್ಲಿ ಕಟ್ಟಿಕೊಡುವ ಜ್ವಾಲಾಮುಖಿ ಎಂದೇ ನಾನು ನಂಬಿದ್ದೆ. ಕನ್ನಡದಲ್ಲಿ ಅದಕ್ಕೆ ‘ಯೋಜನೆ’ ಎಂದರು. ಹಿಂದಿನವರ ‘ಯೋಜನ’ ಎಂದರೆ ಹರಿದಾರಿಗಟ್ಟಲೆ ದೂರ. ನನಗಂತೂ ಎರಡೂ ಒಂದೇ ಎನಿಸಿ ಆಗಲೇ ಕಾಲು ನೋಯತೊಡಗಿತ್ತು.

ಶಾಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು, ಇಲ್ಲವೆನ್ನಬಾರದು. ಯಾರೋ ದಾನ ಕೊಟ್ಟದ್ದು. ಅದಕ್ಕೆ ಜರತಾರಿ ಅಂಚಿನ ಬಟ್ಟೆ ಹೊದಿಸಿ, ಬೀಗ ಹಾಕಿದ ಕೋಣೆಯಲ್ಲಿ ಪ್ರತಿಷ್ಠಾಪಿಸಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಬಟ್ಟೆ ತೆಗೆದು, ಪರದೆಗೆ ವಿಭೂತಿ ಕುಂಕುಮ ಇಟ್ಟು, ಮಂಗಳಾರತಿ ಎತ್ತಿ ಮತ್ತೆ ಮುಚ್ಚುತ್ತಿದ್ದರು. ದೇವರನ್ನು ಪ್ರಶ್ನೆ ಕೇಳುವಂತಿಲ್ಲವಾದ್ದರಿಂದ, ನಾನು ಹತ್ತನೆಯ ತರಗತಿಯ ಮಕ್ಕಳನ್ನು ಸರದಿಯ ಮೇಲೆ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಹೂಟಗಳ್ಳಿಯ ಬ್ರೌಸಿಂಗ್ ಸೆಂಟರಿಗೆ ಕರೆದೊಯ್ಯತೊಡಗಿದೆ. ತರಬೇತಿಯಲ್ಲಿ ಕೆನಡಾದ ಒಂದು ಶಾಲೆಯ ಇ-ಮೇಲ್ ವಿಳಾಸ ಕೊಟ್ಟಿದ್ದರು. ಅಲ್ಲಿಯ ಮಕ್ಕಳಿಗೆ ನಮ್ಮೂರನ್ನು ಪರಿಚಯಿಸುವುದೇ ನಮ್ಮ ಯೋಜನೆ.

ಮಕ್ಕಳು ಪರಿಚಯಿಸಿದರು. ಹೇಗೆಂದು ನೀವು ಆಗಲೇ ಊಹಿಸಿರಬೇಕು. ನಾನು ಮಾತ್ರ ಊಹಿಸಿರಲಿಲ್ಲ. ಇ-ಮೇಲ್ ಹೋದ ಸಂಭ್ರಮದಲ್ಲಿ, ಹೋದದ್ದೇನೆಂದು ನೋಡುವ ವ್ಯವಧಾನ ಯಾರಿಗಿತ್ತು? ಮುಂದಿನ ಶನಿವಾರ ಉತ್ತರ ಬಂತು. ಕೆನಡಾದ ಮಕ್ಕಳು ನದಿಯ ಸುದ್ದಿ ಕೇಳಿ ಹಿರಿಹಿರಿ ಹಿಗ್ಗಿದ್ದರು. ನಿಮ್ಮ ನದಿಯ ಹೆಸರೇನು? ದೋಣಿ ಇದೆಯೇ? ಮೀನು ಯಾವ ಜಾತಿಯದು? ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆಯೇ? ನಾವು ಗೋಡೆಯ ಮೇಲೆ ನಿಮ್ಮ ಊರಿನ ಚಿತ್ರ ಬರೆದಿದ್ದೇವೆ, ನದಿಯ ಒಂದು ಫೋಟೋ ಕಳಿಸಿ.

ಮಕ್ಕಳ ಮುಖ ನೋಡಬೇಕಿತ್ತು. ಅವರು ಬರೆದ ಇಂಗ್ಲಿಷನ್ನು ಯಾರೋ ನಂಬಿದ್ದು ಅದೇ ಮೊದಲು. ಕೊನೆಗೆ, ಅರ್ಧವಾರ್ಷಿಕದಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿ, ಅಂದಿನಿಂದ ತರಗತಿಯಲ್ಲಿ ಬಾಯೇ ಬಿಡದಿದ್ದ ಮಂಜುಳ ಎದ್ದು ನಿಂತಳು. “ಮಿಸ್, ನಮ್ಮೂರಲ್ಲಿ ಒಳೆನೇ ಇಲ್ವಲ್ಲ ಮಿಸ್! ಪಾಪ, ಅವ್ರು ಬಣ್ಣ ಬೇರೆ ಬಳ್ದ್ಬುಟ್ಟವ್ರೆ. ಈಗ ಎಂಗ್ ಯೋಳದು?”

ಹೇಗೆ ಹೇಳುವುದು ಎಂಬುದಕ್ಕೆ ಗೈಡಿನಲ್ಲಿ ಉತ್ತರವಿರಲಿಲ್ಲ. ನನ್ನ ಇಡೀ ವೃತ್ತಿಜೀವನದಲ್ಲಿ ಒಬ್ಬ ವಿದ್ಯಾರ್ಥಿ ಇಂಗ್ಲಿಷನ್ನು ಬೇಕೆಂದು ಕೇಳಿದ್ದು ಅಂದೇ, ಅದಕ್ಕಾಗಿ ನನಗೆ ಆ ಇಲ್ಲದ ನದಿಯ ಮೇಲೆ ಭಕ್ತಿ ಹುಟ್ಟಿತು.

ಹಾಗೆ ಶುರುವಾದದ್ದು ‘ನಮ್ಮೂರಿನ ನೀರು’. ಮಕ್ಕಳು ಕೆರೆಯ ಏರಿ ಹತ್ತಿದರು, ಬಾವಿ ತೋಡಿಸಿದ ಮನೆಗಳ ಅಜ್ಜಿಯರನ್ನು ಮಾತಾಡಿಸಿದರು, ಬೀದಿನಲ್ಲಿಯ ಮುಂದೆ ಕೊಡಗಳ ಸಾಲಿನ ಫೋಟೋ ತೆಗೆದರು, ಸಿಕ್ಕದ ಮಾತುಗಳನ್ನು ಕಂಪ್ಯೂಟರಿನ ನಿಘಂಟಿನಲ್ಲಿ ಹುಡುಕಿದರು, ಪುಕ್ಕಟೆ ಸಿಗುವ ವೆಬ್ ಪುಟವೊಂದರಲ್ಲಿ ಎಲ್ಲವನ್ನೂ ಏರಿಸಿದರು. ನಮ್ಮೂರಲ್ಲಿರುವುದು ನದಿಯಲ್ಲ, ನಲ್ಲಿ ಎಂದು ಮಂಜುಳ ತಾನೇ ಬರೆದು, ಪುಟದ ವಿಳಾಸದೊಡನೆ ಕೆನಡಾಕ್ಕೆ ಕಳಿಸಿದಳು. ನಲ್ಲಿಯ ಸಾಲಿನಲ್ಲಿ ಸರದಿ ತಪ್ಪಿಸಿದವರಿಗೆ ಅಜ್ಜಿಯರು ಹಾಕುವ ಬೈಗುಳವನ್ನು ಇಂಗ್ಲಿಷಿಗೆ ತರಲು ಒಂದಿಡೀ ಪೀರಿಯಡ್ ಹಿಡಿಯಿತು. ತಾತನ ಬಿನ್ನವತ್ತಳೆಯ ಭಾಷೆ ಅಲ್ಲಿ ಏನೂ ಸಹಾಯ ಮಾಡಲಿಲ್ಲ.

ನಮ್ಮ ಹೆಡ್‌ಮಾಸ್ಟರ್ ಶಿವಲಿಂಗಪ್ಪನವರು ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ ಮೇಲೆ ಬಂದವರು, ಮಕ್ಕಳ ಮೇಲೆ ಜೀವ. ಒಂದು ದಿನ ಕರೆದು ಕೂರಿಸಿದರು. “ಮೇಡಮ್ನೋರೆ, ಪಬ್ಲಿಕ್ ಪರೀಕ್ಷೆ ಪೇಪರ್ನ ಕೆನಡಾದೋರು ತಿದ್ದಲ್ಲ ಕಣ್ರೀ. ಆ ಮಂಜುಳ ಫೇಲಾದ್ರೆ ಅವ್ರಪ್ಪ ಕಾಲೇಜಿಗೆ ಕಳ್ಸಲ್ಲ ಅಂತ ನನ್ನೆದುರ್ಗೇ ಹೇಳವ್ರೆ. ಗೈಡ್ ಉರು ಹೊಡ್ಸಿ, ಪಾಸಾದ್ರೂ ಆಗ್ಲಿ.” ಅವರು ಹೇಳಿದ್ದು ನ್ಯಾಯವೇ. ನನಗೆ ಹೆದರಿಕೆಯಾಯಿತು. ಯೋಜನೆ ಸೋತರೆ ನನಗೆ ಹೋಗುವುದು ಒಂದಿಷ್ಟು ಮರ್ಯಾದೆ, ಆ ಹುಡುಗಿಗೆ ಹೋಗುವುದು ಓದು. ಹಾಗಾಗಿ ಮರುದಿನ ತರಗತಿಯಲ್ಲಿ, ಪರೀಕ್ಷೆಗೆ ಗೈಡಿನದನ್ನೇ ಬರೆಯುವುದು ಕ್ಷೇಮವೆಂದು ತಗ್ಗಿದ ದನಿಯಲ್ಲಿ ಹೇಳಿದೆ. ಮಕ್ಕಳು ನನ್ನನ್ನು ಕನಿಕರದಿಂದ ನೋಡಿದರು.

ಆ ಶನಿವಾರವೇ ಕೆನಡಾದಿಂದ ಒಂದು ಫೋಟೋ ಬಂತು. ಅಂದಿನ ಇಂಟರ್ನೆಟ್ಟಿನಲ್ಲಿ ಚಿತ್ರವೊಂದು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯಬೇಕು. ಮೊದಲು ಗೋಡೆ ಇಳಿಯಿತು, ಆಮೇಲೆ ಮಕ್ಕಳ ತಲೆಗಳು, ಆಮೇಲೆ ಹಿನಕಲ್ಲಿನ ಚಿತ್ರ. ನೀಲಿ ನದಿಯ ಮೇಲೆ ಬಿಳಿ ಹಾಳೆ ಅಂಟಿಸಿ, ಅದರ ಮೇಲೆ ಒಂದು ನಲ್ಲಿ, ಅದರ ಮುಂದೆ ಬಣ್ಣಬಣ್ಣದ ಕೊಡಗಳ ಸಾಲು ಬರೆದಿದ್ದರು. “ನಾನ್ ಬರ್ದಿದ್ದು ಅವ್ರಿಗೆ ಅರ್ಥ ಆಗ್ಬುಟ್ಟದೆ ಮಿಸ್!” ಎಂದು ಮಂಜುಳ ಕಿರುಚಿದ್ದಕ್ಕೆ ಬ್ರೌಸಿಂಗ್ ಸೆಂಟರಿನ ಜನರೆಲ್ಲ ತಿರುಗಿ ನೋಡಿದರು.

ಪರೀಕ್ಷೆಯ ದಿನ ನಾನು ಗೇಟಿನ ಹೊರಗೆ ಕಾದಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ‘ಮೈ ವಿಲೇಜ್’ ಬಂದಿದೆಯೆಂದು ಮೊದಲು ಹೊರಬಂದವರು ಹೇಳಿದರು. ಮಂಜುಳ ಕೊನೆಗೆ ಬಂದಳು. “ಒಳೆ ಬರೀನಿಲ್ಲ ಮಿಸ್,” ಎಂದಳು, “ನೀವ್ ಬೈದ್ರೂ ಸರಿ. ನಲ್ಲಿ ಬರ್ದೆ.” ಫಲಿತಾಂಶ ಬರುವವರೆಗೆ ನಾನು ಗೈಡು ಬರೆದ ಪುಣ್ಯಾತ್ಮರಿಗೂ ಚಾಮುಂಡಿಗೂ ಸಮಸಮವಾಗಿ ಹರಕೆ ಹೊತ್ತಿದ್ದೆ.

ಮಂಜುಳ ಪಾಸಾದಳು. ಬರೀ ಪಾಸಲ್ಲ, ಇಂಗ್ಲಿಷಿನಲ್ಲಿ ಅವಳದು ಫಸ್ಟ್ ಕ್ಲಾಸ್ ಅಂಕ, ತರಗತಿಯಲ್ಲಿ ಆ ವಿಷಯದಲ್ಲಿ ಒಬ್ಬರೂ ಫೇಲಿಲ್ಲ. ಅವಳ ಅಪ್ಪ ಶಿಫ್ಟು ಮುಗಿಸಿ ಕಾರ್ಖಾನೆಯ ಸಮವಸ್ತ್ರದಲ್ಲೇ ಶಾಲೆಗೆ ಬಂದು, ಕಾಲೇಜಿನ ಅರ್ಜಿ ಎಲ್ಲಿ ಸಿಗುತ್ತದೆಂದು ಕೇಳಿದರು. ನಾನು ಅತ್ತೆ, ಸಂತೋಷಕ್ಕೆ, ಎಲ್ಲರೆದುರಿಗೇ. ಶಿವಲಿಂಗಪ್ಪನವರು ಎದ್ದು ಹೋಗಿ, ಬೀಗದ ಕೋಣೆ ತೆರೆದು, ಆಯುಧಪೂಜೆಗೆ ಇನ್ನೂ ತಿಂಗಳುಗಳಿದ್ದರೂ, ಕಂಪ್ಯೂಟರಿನ ಮೇಲಿನ ಜರತಾರಿ ಬಟ್ಟೆ ತೆಗೆದು ಮಡಿಸಿಟ್ಟರು. “ಇದ್ಕೂ ಆ ಇಂಟರ್ನೆಟ್ ಹಾಕಿಸ್ಬುಡಿ ಮೇಡಮ್ನೋರೆ,” ಎಂದರು.

ಮಕ್ಕಳಿಗೆ ಹೇಳಲು ಒಂದು ನಿಜ, ಕೇಳಲು ಒಬ್ಬ ಮನುಷ್ಯ ಇದ್ದರೆ ಭಾಷೆ ಹೇಗೋ ದಾರಿ ಮಾಡಿಕೊಳ್ಳುತ್ತದೆ ಎಂದು ನನಗೆ ಈಗ ಅನಿಸುತ್ತದೆ. ನಾನು ಕಲಿಸಿದ್ದೆಂದು ಜಂಬ ಕೊಚ್ಚಿಕೊಳ್ಳುವಂತಿಲ್ಲ. ಕೊನೆಯ ಗಳಿಗೆಯಲ್ಲಿ ಗೈಡು ಹಿಡಿಯಿರಿ ಎಂದವಳು ನಾನೇ ತಾನೆ.

ಮೊನ್ನೆ ಮತ್ತೆ ಅರ್ಧವಾರ್ಷಿಕದ ಕಟ್ಟು ಬಿಚ್ಚಿದೆ. ಪಕ್ಕದ ಶಾಲೆಯ ಪತ್ರಿಕೆಗಳೂ ಈ ಸಲ ನನ್ನ ಪಾಲಿಗೆ ಬಂದಿದ್ದವು. ಊಟದ ಮೇಜಿನ ಮೇಲೆ ಯಥಾಪ್ರಕಾರ ನದಿ ಹರಿಯಿತು. ಆಮೇಲೆ ನಮ್ಮ ಶಾಲೆಯ ಮಕ್ಕಳ ಪತ್ರಿಕೆ ಬಂತು. ‘ನೋ ರಿವರ್ ಇನ್ ಮೈ ವಿಲೇಜ್. ಟ್ಯಾಪ್ ವಾಟರ್ ಕಮಿಂಗ್ ಫೋರ್ ಓ ಕ್ಲಾಕ್. ಮೈ ಗ್ರಾಂಡ್‌ಮದರ್ ಫಸ್ಟ್ ಇನ್ ಲೈನ್.’ ತಪ್ಪುಗಳಿದ್ದವು, ಕೆಂಪು ಪೆನ್ನೂ ಕೈಯಲ್ಲಿತ್ತು. ತಿದ್ದುವ ಮೊದಲು, ಅಡುಗೆಮನೆಯಲ್ಲಿದ್ದವರಿಗೂ ಕೇಳುವಂತೆ, ಒಂದು ಸಲ ಗಟ್ಟಿಯಾಗಿ ಓದಿದೆ.