ಗೋವೆಯಲ್ಲಿ ರೊಟ್ಟಿ ಬಡಿದ ಬೇಸಿಗೆ

ಅದಿರಿನ ಟಿಪ್ಪರುಗಳು ಗೋವೆಯ ರಸ್ತೆಗಳಲ್ಲಿ ಕೆಂಪು ಧೂಳೆಬ್ಬಿಸಿಕೊಂಡು ಓಡುತ್ತಿದ್ದ ದಿನಗಳವು. ಅವು ಕೆಟ್ಟು ನಿಂತರೆ ರಿಪೇರಿಗೆ ನಮ್ಮ ಕಡೆಯ ಮೆಕ್ಯಾನಿಕರೇ ಬೇಕು. ಹಳಿಯಾಳ, ದಾಂಡೇಲಿ, ಮುಂಡಗೋಡದ ಗಂಡಸರು ಪಾನಾ, ಸುತ್ತಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಅನಮೋಡ ಘಟ್ಟ ಇಳಿಯುತ್ತಿದ್ದರು. ನನ್ನ ಅಪ್ಪನೂ ಇಳಿದಿದ್ದ. ನಾನು ಐದನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅವ್ವನನ್ನೂ ನನ್ನನ್ನೂ ಅಲ್ಲಿಗೆ ಕರೆಸಿಕೊಂಡ. ಒಗ್ಗಿದರೆ ಹಳಿಯಾಳದ ಮನೆ ಬಿಟ್ಟು ಅಲ್ಲೇ ಇದ್ದುಬಿಡುವ ವಿಚಾರ ಅವನದು.

ನನಗಂತೂ ಮೊದಲ ದಿನವೇ ಒಗ್ಗಿತು. ಫೋಂಡಾದ ಹತ್ತಿರ ಸಾಲು ಖೋಲಿಗಳು, ಹಿಂದೆ ಗೇರುಗುಡ್ಡ. ಬಿದ್ದು ಕೊಳೆತ ಗೇರುಹಣ್ಣಿನ ಹುಳಿವಾಸನೆ ಮಧ್ಯಾಹ್ನದ ಹೊತ್ತು ಮೂಗಿಗೆ ಅಡರುತ್ತಿತ್ತು. ಓಣಿಯ ಹುಡುಗರು ಗೇರುಬೀಜಗಳನ್ನು ಸಾಲಾಗಿ ನಿಲ್ಲಿಸಿ ಕಲ್ಲಿನಿಂದ ಹೊಡೆಯುವ ಆಟ ಆಡುತ್ತಿದ್ದರು. ಬಿದ್ದ ಬೀಜ ಹೊಡೆದವರಿಗೆ. ನನ್ನ ಲಂಗದ ಕಿಸೆ ಯಾವಾಗಲೂ ತುಂಬಿರುತ್ತಿತ್ತು. ಬೆಳಿಗ್ಗೆ ಸೈಕಲ್ಲಿನ ಹಾರ್ನ್ ಒತ್ತುತ್ತ ಬಿಸಿ ಪಾವ್ ಮಾರುವವನು ಬರುತ್ತಿದ್ದ. ರಸ್ತೆಯಾಚೆಗಿನ ಶಾಲೆಯ ಹುಡುಗಿಯರಿಗೆ ಟೈ ಇತ್ತು. ಆ ಟೈ ಕಟ್ಟಿಕೊಂಡು ಮಳೆಗಾಲ ಮುಗಿದ ಮೇಲೆ ನಾನೂ ಹೋಗುವವಳು ಎಂದು ಅಪ್ಪ ಹೇಳಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಅಪ್ಪ ದಿನವೂ ಸಂಜೆ ಮನೆಗೆ ಬರುತ್ತಿದ್ದ.

ಕಿರಿಕಿರಿ ಶುರುವಾದದ್ದು ರೊಟ್ಟಿಯಿಂದ. ನಮ್ಮ ಜೋಳದ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಅಂಗೈಯಿಂದ ಬಡಿಯುತ್ತಾರೆ. ಅವ್ವ ಊರಿನ ಅಭ್ಯಾಸದಂತೆ ನಸುಕಿನಲ್ಲೇ ಕೂತು ತಪತಪ ಬಡಿಯುತ್ತಿದ್ದಳು. ಗೋಡೆಯಾಚೆ ಮನೆಯ ಮಾಲಕಿನ್ ಇದ್ದಳು. ಬಾಡಿಗೆಯವರಿಂದ ಅರ್ಧಂಬರ್ಧ ಕನ್ನಡ ಕಲಿತ ಮುದುಕಿ, ಕೆಟ್ಟವಳಲ್ಲ, ನನಗೆ ಹಲಸಿನ ತೊಳೆ ಕೊಟ್ಟವಳು. ಒಂದು ಮುಂಜಾನೆ ಬಾಗಿಲಿಗೆ ಬಂದು ನಿಂತಳು.

"ಹೆಂ ಕಿತೆಂ? ಏನಿದು ದಿನಾ ದಿನಾ? ಪಾವ್ ತಿನ್ನಿ, ಅನ್ನ ತಿನ್ನಿ. ಬಡಿಯೋದು ಬೇಡ. ಇಲ್ಲಾ ಖೋಲಿ ಖಾಲಿ ಮಾಡಿ." ಹೋಗುವಾಗ "ಘಾಟಿ ಲೋಕ್" ಎಂದು ಗೊಣಗಿದಳು. ಘಟ್ಟದ ಮೇಲಿನ ಜನ ಎಂದಷ್ಟೇ ಅದರ ಅರ್ಥ, ಆದರೆ ಅವಳು ಅಂದ ರೀತಿಗೆ ನನ್ನ ಕಿವಿ ಬಿಸಿಯಾಯಿತು.

ಅಪ್ಪ ತಗ್ಗಿದ ದನಿಯಲ್ಲಿ, "ನಾಕ ದಿನಾ ಪಾವ್ ತಿಂದ್ರ ಏನ ಸಾಯ್ತೀವೇನು? ಇಲ್ಲಿ ಕೈತುಂಬ ಕೆಲಸ ಐತಿ. ಹಳಿಯಾಳದಾಗ ಕಬ್ಬಿನ ಲಾರಿ ಸೀಜನ್ ಮುಗಿದ್ರ ನೊಣಾ ಹೊಡಕೋತ ಕುಂದರಬೇಕು," ಎಂದ.

ಅವ್ವ ಅವತ್ತು ಲಟ್ಟಣಿಗೆಯಿಂದ ಲಟ್ಟಿಸಿ ನೋಡಿದಳು. ರೊಟ್ಟಿ ಹಂಚಿನ ಮೇಲೆ ಹರಿದು ಚೂರಾಯಿತು. ಅಪ್ಪ ಆ ಚೂರುಗಳನ್ನೇ ತಿಂದ. ಅವ್ವ ಉಣ್ಣಲಿಲ್ಲ.

ಮರುದಿನ ಅವಳು ಸ್ಟೋವು, ಹಂಚು, ಹಲಗೆ ಎಲ್ಲವನ್ನೂ ಹೊರಗಿನ ಕಟ್ಟೆಗೆ ತಂದಳು. ಓಣಿಗೆಲ್ಲ ಕೇಳುವಂತೆ ಬಡಿಯತೊಡಗಿದಳು. ಮಾಲಕಿನ್ ಹೊರಬಂದು ಕೂಗಾಡಿದಳು. ಅವ್ವನ ಕೈ ನಿಲ್ಲಲಿಲ್ಲ.

"ನಿಮ್ಮ ಮೀನದ ವಾಸನಿ ನಾ ತಡಕೊಂಡೇನ್ರಿ ಬಾಯಿ. ನನ್ನ ರೊಟ್ಟಿ ಸಪ್ಪಳ ನೀವು ತಡಕೋರಿ."

ಪಕ್ಕದ ಖೋಲಿಯ ಹಸೀನಾ ಚಾಚಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ದಾಂಡೇಲಿಯ ಮೆಕ್ಯಾನಿಕನೊಬ್ಬನ ಹೆಂಡತಿ. ಮಾಲಕಿನ್‌ಗೆ ಹೆದರಿ ರೊಟ್ಟಿಯನ್ನೇ ಬಿಟ್ಟಿದ್ದವಳು. ಒಳಗೆ ಹೋಗಿ ತನ್ನ ಹಲಗೆ ಹೊತ್ತು ತಂದು ಅವ್ವನ ಮಗ್ಗುಲಿಗೆ ಕೂತಳು. "ಸ್ವಲ್ಪ ಹಿಟ್ಟು ಕೊಡ್ರಿ ಅಕ್ಕಾರ, ನನ್ನ ಕೈನೂ ಕಡೀಲಿಕತ್ತಾವು," ಎಂದಳು. ಈಗ ಎರಡು ಜೊತೆ ಕೈಗಳ ಸಪ್ಪಳ. ನಾನು ಕುಣಿದುಬಿಟ್ಟೆ. ಸಾಲಿನ ಖೋಲಿಗಳಲ್ಲಿ ಇದ್ದವರೆಲ್ಲ ನಮ್ಮ ಕಡೆಯವರೇ. ಎಲ್ಲರನ್ನೂ ಖಾಲಿ ಮಾಡಿಸಿದರೆ ಮುದುಕಿಗೆ ಬಾಡಿಗೆ ಕೊಡುವವರು ಯಾರು? ಕೊನೆಗೆ ಅವಳೇ, ಬಿಸಿಲು ಬಿದ್ದ ಮೇಲೆ ಬಡಿದುಕೊಳ್ಳಿ ಎಂದಳು. ಅವ್ವ ಅದಕ್ಕೆ ಒಪ್ಪಿದಳು, ಮುದುಕಿಗೂ ನಿದ್ದೆ ಬೇಕಲ್ಲ ಎಂದು.

ಇನ್ನೇನು, ಗೆದ್ದೆವು, ಇಲ್ಲೇ ಇರುತ್ತೇವೆ ಎಂದುಕೊಂಡೆ. ಮಳೆ ಹತ್ತಿರ ಬಂತು. ಮಳೆಗಾಲದಲ್ಲಿ ಅದಿರಿನ ಸಾಗಾಟ ನಿಲ್ಲುವುದರಿಂದ ಎಲ್ಲರೂ ಊರಿಗೆ ಹೊರಟರು. ಅಪ್ಪ, ಹೋಗುವ ಮೊದಲು ನನ್ನ ಹೆಸರು ಶಾಲೆಗೆ ಹಚ್ಚಿಬಿಡೋಣ ಎಂದ.

"ಬ್ಯಾಡ್ರಿ. ನಾವಿಬ್ರೂ ತಿರುಗಿ ಬರೂದಿಲ್ಲ," ಎಂದಳು ಅವ್ವ.

"ಗೆದ್ದಿ ಅಲ್ಲ ನೀ? ಮತ್ಯಾಕ ಹೊಂಟಿ?"

"ಅವತ್ತ ಹೋಗಿದ್ರ ಓಡಿಸಿದಂಗ ಆಗ್ತಿತ್ತು. ಈಗ ನಾನಾಗೇ ಹೊಂಟೇನಿ. ರೊಟ್ಟಿಗೊಂದ ಜಗಳ, ನೀರಿಗೊಂದ ಜಗಳ, ನಾಳೆ ಈಕಿ ಸಾಲ್ಯಾಗ ಕನ್ನಡ ಮಾತಾಡಿದ್ರ ಮತ್ತೊಂದ. ಹಿಂಗ ದಿನಾ ಗೆದಕೋತ ಬಾಳೇ ಮಾಡೂದು ನನ್ನ ಕೈಲೆ ಆಗೂದಿಲ್ರಿ. ನಮ್ಮೂರಾಗ ಯಾರ ಅಪ್ಪಣೀನೂ ಬೇಕಾಗೂದಿಲ್ಲ."

ನಾನು ಅತ್ತೆ, ನೆಲಕ್ಕೆ ಬಿದ್ದು ಹೊರಳಾಡಿದೆ. ಘಟ್ಟ ಹತ್ತುವ ಬಸ್ಸಿನಲ್ಲಿ ಅವ್ವ ಕೊಟ್ಟ ಶೇಂಗಾ ಉಂಡೆಯನ್ನು ಕಿಟಕಿಯಿಂದ ಎಸೆದೆ. ಅವಳು ಬೈಯಲಿಲ್ಲ.

ಮಳೆ ಮುಗಿದ ಮೇಲೆ ಅಪ್ಪ ಒಬ್ಬನೇ ಘಟ್ಟ ಇಳಿದ. ಆಮೇಲೆ ಪ್ರತಿ ವರ್ಷವೂ ಹಾಗೇ. ನಾನು ಹಳಿಯಾಳದಲ್ಲೇ ಓದಿದೆ. ಈಗ ಇಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಯಾರ ಮುಂದೆಯೂ ದನಿ ತಗ್ಗಿಸದೆ. ಅದನ್ನು ಗಳಿಸಿಕೊಟ್ಟವಳು ಅವ್ವ. ಕಳೆದುಕೊಂಡದ್ದು ಅಪ್ಪನನ್ನು. ಮಳೆಗಾಲಕ್ಕೆ ಬಂದುಹೋಗುವ ನೆಂಟನಾಗಿಬಿಟ್ಟ. ಅವನು ಬಂದರೆ ಒಳ್ಳೆಯ ತಟ್ಟೆ ತೆಗೆಯುತ್ತಿದ್ದೆವು. ಒಂದು ವರ್ಷ ಊಟಕ್ಕೆ ಕೂತವನು, ಎದ್ದು ಅಡುಗೆಮನೆಯಲ್ಲಿ ಹುಡುಕಾಡಿ, "ಉಪ್ಪಿನ ಡಬ್ಬಿ ಎಲ್ಲಿ ಇರ್ತೈತಿ?" ಎಂದು ಕೇಳಿದ. ಅವ್ವ ಎದ್ದು ಹೋಗಿ ಉಪ್ಪು ತಂದು ಬಡಿಸಿದಳು. ಅವತ್ತು ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಅಪ್ಪ ತೀರಿಕೊಂಡ ಮೇಲೂ ಬಂಧುಗಳು ಬಿಟ್ಟಿಲ್ಲ. "ನಿಮ್ಮವ್ವ ಹಟಾ ಮಾಡದಿದ್ರ ಸಂಸಾರ ಒಂದ ಕಡೆ ಇರ್ತಿತ್ತು" ಎನ್ನುತ್ತಾರೆ. ಎನ್ನಲಿ. ಅವ್ವನ ಹಟವನ್ನು ತೂಗುವವರು, ಅಪ್ಪನಂಥ ಕೆಲಸಗಾರನಿಗೆ ಅವನ ಊರಲ್ಲೇ ವರ್ಷವಿಡೀ ಕೆಲಸ ಯಾಕೆ ಇರಲಿಲ್ಲ ಎಂಬುದನ್ನೂ ತೂಗಬೇಕು. ನನಗೆ ಊರು ಬೇಕಿತ್ತು, ಅಪ್ಪನೂ ಬೇಕಿತ್ತು. ಎರಡನ್ನೂ ಕೇಳುವುದು ಅತಿಯಾಸೆ ಎಂದು ನಾನು ಇವತ್ತಿಗೂ ಒಪ್ಪಿಲ್ಲ.